ಹೆರಿಗೆ ರಜೆ ಹೆಚ್ಚಾಗುತ್ತಂತೆ, ಕಾಯಬೇಕಾ?

ಪ್ರಶ್ನೆ: ನನಗೀಗ ಐದು ತಿಂಗಳು. ಖಾಸಗಿ ಕಂಪನಿಯಲ್ಲಿ ಕೆಲಸ, ಮೊದಲ ಮಗು. ಸಂಬಳ ಸಹಿತ ರಜೆಯನ್ನು ಸರ್ಕಾರ ಇನ್ನೂ ಹೆಚ್ಚಿಸುತ್ತಂತೆ, ಅಪ್ಪಂದಿರಿಗೂ ಕೊಡುತ್ತಂತೆ ಅಂತ ಆಫೀಸಿನಲ್ಲಿ ಮಾತು. ಅರ್ಜಿ ಈಗಲೇ ಕೊಡಲಾ, ಸ್ವಲ್ಪ ಕಾಯಲಾ? ಅನುಭವ ಇದ್ದವರು ಹೇಳಿ.

ಒಬ್ಬ ತಾಯಿ: ಕಾಯಬೇಡಿ. 2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿದಾಗ ನಾನು ಬಾಣಂತಿ. ಮಂಜೂರಾಗಿದ್ದು 12 ವಾರ ಮಾತ್ರ. ಅದು ಮುಗಿಯುವ ಮೊದಲೇ, ಏಪ್ರಿಲ್ 1ಕ್ಕೆ ಹೊಸ ನಿಯಮ ಜಾರಿಗೆ ಬಂತು. ಕೇಳಿದರೆ, 'ನಿಮ್ಮದು ಹಳೇ ಲೆಕ್ಕ ಮೇಡಂ' ಅಂದರು ಎಚ್‌ಆರ್‌ನವರು. ಅಷ್ಟರಲ್ಲಿ ಕಾರ್ಮಿಕ ಸಚಿವಾಲಯ, ಆಗಲೇ ರಜೆಯಲ್ಲಿ ಇರುವವರಿಗೂ ಹೊಸ ಲೆಕ್ಕ ಸಿಗುತ್ತದೆ ಅಂತ ಸ್ಪಷ್ಟನೆ ಕೊಟ್ಟಿತು. ಅದರ ಪ್ರತಿ ಹಾಕಿ ಮೇಲ್ ಕಳಿಸಿದೆ. ಮರುಮಾತಿಲ್ಲದೆ ರಜೆ ಮುಂದುವರಿಸಿದರು. ಆದರೆ ಏಪ್ರಿಲ್‌ಗೆ ಮೊದಲೇ ರಜೆ ಮುಗಿಸಿದ್ದ ನನ್ನ ಪಕ್ಕದ ಸೀಟಿನವಳಿಗೆ ಒಂದು ದಿನವೂ ಹೆಚ್ಚು ಸಿಗಲಿಲ್ಲ. ಪಾಪ, ನನ್ನ ಮೇಲೇ ಸ್ವಲ್ಪ ದಿನ ಮುನಿಸಿಕೊಂಡಿದ್ದಳು! ಹಾಗಾಗಿ ಈಗಿರುವ 26 ವಾರಕ್ಕೆ ಅರ್ಜಿ ಹಾಕಿ. ಹೆಚ್ಚಾದರೆ ಆಮೇಲೆ ಕೇಳಿದರಾಯಿತು.

ಇನ್ನೊಬ್ಬರು: ಅಕ್ಕ ಹೇಳಿದ್ದು ಸರಿ. ಅರ್ಜಿ ಮಾತ್ರ ಮೇಲ್‌ನಲ್ಲೇ ಇರಲಿ. 'ನೋಡೋಣ ಬಿಡಿ' ಅನ್ನೋ ಬಾಯಿಮಾತು ಮ್ಯಾನೇಜರ್ ಬದಲಾದ ದಿನವೇ ಮುಗಿಯಿತು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನವಾದರೂ ಕೆಲಸ ಮಾಡಿರಬೇಕು, ಇತ್ತೀಚೆಗೆ ಕಂಪನಿ ಬದಲಿಸಿದ್ದರೆ ಇದನ್ನು ನೋಡಿಕೊಳ್ಳಿ. ಹೆರಿಗೆಗೆ ಮೊದಲು 8 ವಾರದವರೆಗೆ ತೆಗೆದುಕೊಳ್ಳಬಹುದು. ಆರೋಗ್ಯ ಚೆನ್ನಾಗಿದ್ದರೆ ಅಷ್ಟನ್ನೂ ಮೊದಲೇ ಖರ್ಚು ಮಾಡಬೇಡಿ, ಮಗು ಬಂದ ಮೇಲೇ ಜಾಸ್ತಿ ಬೇಕಾಗೋದು.

ಒಬ್ಬ ಅಪ್ಪ: ನಾನು ಕೇಂದ್ರ ಸರ್ಕಾರಿ ನೌಕರ. ನಮಗೆ 15 ದಿನ ಇದೆ, ಮಗುವಿಗೆ 6 ತಿಂಗಳಾಗುವುದರೊಳಗೆ ತೆಗೆದುಕೊಳ್ಳಬೇಕು. ಎಲ್ಲರೂ ಹೆರಿಗೆ ದಿನವೇ ಹಾಕುತ್ತಾರೆ. ನಾನು ಹಾಕಿದ್ದು ಅತ್ತೆ ತಮ್ಮ ಊರಿಗೆ ವಾಪಸ್ ಹೊರಟ ಮೇಲೆ. ರಾತ್ರಿ ಎರಡು ಗಂಟೆಗೆ ಮಗು ಅಳುವಾಗ ಮನೆಯಲ್ಲಿ ಇನ್ಯಾರೂ ಇರಲ್ಲವಲ್ಲ, ನನ್ನ ಅಗತ್ಯ ಬಿದ್ದಿದ್ದು ಆಗಲೇ. ನಿಮ್ಮವರು ಖಾಸಗಿಯಲ್ಲಿದ್ದರೆ ಅವರ ಕಂಪನಿ ಪಾಲಿಸಿಯನ್ನು ಓದಿಸಿ. ಕೇಳದಿದ್ದರೆ ಯಾರೂ ತಾವಾಗಿ ಹೇಳಲ್ಲ.

ಮತ್ತೊಬ್ಬ ತಾಯಿ: ರಜೆಗಿಂತ ವಾಪಸ್ ಬರೋದೇ ಕಷ್ಟ, ಅದನ್ನೂ ಈಗಲೇ ಯೋಚಿಸಿ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕ್ರೆಷ್, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಲು ಬಿಡಬೇಕು. ಹಾಲೂಡಿಸಲು ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಬೇರೆ. ನಮ್ಮಲ್ಲೂ 'ಕ್ರೆಷ್ ಇದೆ' ಅಂದರು. ಬಾಗಿಲು ತೆಗೆಸಿದರೆ ಒಳಗೆ ಹಳೇ ಮಾನಿಟರ್‌ಗಳು, ಕಾಲು ಮುರಿದ ಕುರ್ಚಿಗಳು! ನಾಲ್ಕೈದು ಜನ ಸೇರಿ ಒಂದೇ ಮೇಲ್ ಹಾಕಿದ ಮೇಲೆ ಖಾಲಿ ಮಾಡಿಸಿದರು. ನೀವೂ ರಜೆಗೆ ಹೊರಡುವ ಮೊದಲೇ ಒಂದು ಸಲ ನೋಡಿಕೊಂಡು ಬನ್ನಿ.