ಐದನೇ ತಿಂಗಳು, ಯೂರಿನ್ ಕಲ್ಚರಲ್ಲಿ ಇಎಸ್‌ಬಿಎಲ್ ಅಂತ ಬಂದಿದೆ, ಗೊತ್ತಿರೋರು ಹೇಳಿ

ಬನಶಂಕರಿ_ಹುಡುಗಿ:
ಎಲ್ಲರಿಗೂ ನಮಸ್ಕಾರ. ರೊಟೀನ್ ಅಂತ ಯೂರಿನ್ ಕಲ್ಚರ್ (ಮೂತ್ರದಲ್ಲಿ ಕ್ರಿಮಿ ಇದೆಯಾ ಅಂತ ನೋಡೋ ಟೆಸ್ಟ್) ಕೊಟ್ಟಿದ್ದೆ, ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಒಂದು ಎಂಎಲ್‌ಗೆ ಒಂದು ಲಕ್ಷಕ್ಕಿಂತ ಜಾಸ್ತಿ, ಇಎಸ್‌ಬಿಎಲ್ ಪಾಸಿಟಿವ್ ಅಂತ ಬಂದಿದೆ. ಸೆಫಿಕ್ಸಿಮ್, ಸಿಪ್ರೊ, ಅಮಾಕ್ಸಿಸಿಲಿನ್ ಎಲ್ಲದರ ಮುಂದೆ ಆರ್ (ಅಂದ್ರೆ ಆ ಔಷಧಿ ಕೆಲಸ ಮಾಡಲ್ಲ), ನೈಟ್ರೋಫ್ಯುರಾಂಟೊಯಿನ್, ಫಾಸ್ಫೋಮೈಸಿನ್, ಮೆರೊಪೆನೆಮ್ ಮುಂದೆ ಮಾತ್ರ ಎಸ್ (ಕೆಲಸ ಮಾಡತ್ತೆ). ಆದ್ರೆ ನಂಗೆ ಉರಿ ಇಲ್ಲ ಜ್ವರ ಇಲ್ಲ ಏನೂ ಇಲ್ಲ! ಡಾಕ್ಟ್ರು ಫಾಸ್ಫೋಮೈಸಿನ್ ಸ್ಯಾಷೆ ಒಂದೇ ಒಂದು ಬರ್ದಿದಾರೆ. ಅತ್ತೆ ಹೇಳ್ತಾರೆ ಬಸುರಿಲಿ ಅಷ್ಟು ಸ್ಟ್ರಾಂಗ್ ಔಷಧಿ ಬೇಡ, ಬಾರ್ಲಿ ನೀರು ಎಳನೀರು ಕುಡಿದ್ರೆ ಹೋಗತ್ತೆ ಅಂತ. ತೊಂದ್ರೆನೇ ಇಲ್ದಿರೋವಾಗ ತಗೋಬೇಕಾ? ರಾತ್ರಿ ನಿದ್ದೆ ಬರ್ತಿಲ್ಲ, ಮಗೂಗೆ ಏನಾಗತ್ತೋ ಅಂತ.

ಲ್ಯಾಬ್_ಅಣ್ಣ:
ತಂಗಿ, ನಾನು ಡಾಕ್ಟರ್ ಅಲ್ಲ, ಮೈಕ್ರೋಬಯಾಲಜಿ ಲ್ಯಾಬಲ್ಲಿ ಕೆಲಸ. ಇಎಸ್‌ಬಿಎಲ್ ಅಂದ್ರೆ ಆ ಬ್ಯಾಕ್ಟೀರಿಯಾ ಒಂದು ಎನ್‌ಜೈಮ್ ಮಾಡತ್ತೆ, ಅದು ಪೆನಿಸಿಲಿನ್ ಜಾತಿ ಮತ್ತೆ ಸೆಫಿಕ್ಸಿಮ್ ಥರದ್ದನ್ನ ಒಡೆದು ಹಾಕತ್ತೆ, ಅದಕ್ಕೇ ಅಷ್ಟೊಂದು ಆರ್. ಹಾಗಂತ ಕಾಯಿಲೆ ದೊಡ್ಡದು ಅಂತಲ್ಲ, ಔಷಧಿ ಆಯ್ಕೆ ಕಮ್ಮಿ ಅಷ್ಟೇ.

ಬೇರೆಯವರಿಗೆ ತೊಂದ್ರೆ ಇಲ್ಲ ಅಂದ್ರೆ ಎಷ್ಟೋ ಸಲ ಔಷಧಿ ಕೊಡಲ್ಲ, ಗರ್ಭಿಣಿಯರಿಗೆ ಮಾತ್ರ ಕೊಡ್ತಾರೆ. ಪ್ರೊಜೆಸ್ಟೆರಾನ್ ಇಂದ ಕಿಡ್ನಿಯಿಂದ ಬರೋ ನಾಳ ಸಡಿಲ ಆಗತ್ತೆ, ಮೇಲಿಂದ ಗರ್ಭಕೋಶ ಒತ್ತತ್ತೆ, ಅದರಲ್ಲೂ ಬಲಗಡೆ, ಮೂತ್ರ ನಿಂತಲ್ಲೇ ನಿಲ್ಲತ್ತೆ, ಕ್ರಿಮಿ ಮೇಲಕ್ಕೆ ಹತ್ತತ್ತೆ. ಹಾಗೇ ಬಿಟ್ರೆ ಕಿಡ್ನಿ ಇನ್ಫೆಕ್ಷನ್ ಆಗಬಹುದು, ಅದರಿಂದ ಅವಧಿಗೆ ಮುಂಚೆ ಹೆರಿಗೆ ಆಗೋ ಅಪಾಯ. ಬಾರ್ಲಿ ನೀರು ಕುಡೀರಿ, ಒಳ್ಳೇದೇ, ಆದ್ರೆ ಸ್ಯಾಷೆ ಬದಲಿಗೆ ಅಲ್ಲ. 3 ಗ್ರಾಂ ಒಂದೇ ಡೋಸ್ ಇರತ್ತೆ, ಸಾಮಾನ್ಯವಾಗಿ ರಾತ್ರಿ ಮಲಗೋಕ್ ಮುಂಚೆ, ಮೂತ್ರ ಮಾಡಿ ಬಂದು, ತಣ್ಣೀರಲ್ಲಿ ಕಲಸಿ ಕುಡಿಯೋಕೆ ಹೇಳ್ತಾರೆ. ಆಮೇಲೆ ಒಂದೆರಡು ವಾರಕ್ಕೆ ಕಲ್ಚರ್ ಮತ್ತೆ ಮಾಡಿಸಿ, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ.

ವಿಜಯನಗರ_ಅಕ್ಕ:
ನನ್ನ ತಂಗಿಗೆ ಏಳನೇ ತಿಂಗಳಲ್ಲಿ ಆಗಿತ್ತು ಕಣಮ್ಮ. ಮೆಡಿಕಲ್ ಸ್ಟೋರಿನವನು ಚೀಟಿ ಇಲ್ದೇ ಸೆಫಿಕ್ಸಿಮ್ ಕೊಟ್ಟ, ಉರಿ ಸ್ವಲ್ಪ ಕಮ್ಮಿ ಆಗಿ ಆಮೇಲೆ ಚಳಿ ಜ್ವರ, ಬಲಗಡೆ ಪಕ್ಕೆ ಹಿಂದೆ ನೋವು, ವಾಂತಿ. ಅಡ್ಮಿಟ್ ಮಾಡಿ ಮೆರೊಪೆನೆಮ್ ಡ್ರಿಪ್ ಹಾಕಿದ್ರು. ಕಿಡ್ನಿಗೆ ಏರಿದ್ಮೇಲೆ ಸ್ಯಾಷೆ ಕೆಲಸ ಮಾಡಲ್ವಂತೆ. ಮಗು ಚೆನ್ನಾಗಿದೆ, ಹೆದರ್ಬೇಡ. ಆದ್ರೆ ಚಳಿ ಜ್ವರ ಬಂತು ಅಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ, ಆಗ್ಲೇ ಹೊರಡು. ಮತ್ತೆ ಸಿಲ್ಕ್ ಬೋರ್ಡ್ ಕಡೆ ಕೆಲಸಕ್ಕೆ ಹೋಗೋದಾದ್ರೆ ಟ್ರಾಫಿಕಲ್ಲಿ ಮೂತ್ರ ತಡ್ಕೊಂಡು ಕೂರ್ಬೇಡ, ಹೊರಡೋಕ್ ಮುಂಚೆ ಹೋಗಿ ಬಾ.

ತಾಯಿಕಾರ್ಡ್:
ಖರ್ಚಿನ ಯೋಚನೆ ಇದ್ರೆ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಫ್ರೀ ತಪಾಸಣೆ ಇರತ್ತೆ, ಬೆಂಗಳೂರಿನ ವಾಣಿ ವಿಲಾಸ ಸರ್ಕಾರಿ ಆಸ್ಪತ್ರೆಗೂ ಹೋಗಬಹುದು. ಈ ರಿಪೋರ್ಟ್ ತಾಯಿ ಕಾರ್ಡ್ ಜೊತೆನೇ ಇಟ್ಕೊಳ್ಳಿ, ಹೆರಿಗೆಗೆ ಬೇರೆ ಕಡೆ ಹೋದ್ರೂ ತೋರಿಸೋಕೆ ಬೇಕು.

ಬನಶಂಕರಿ_ಹುಡುಗಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ, ಅತ್ತೆಗೂ ಓದಿ ಹೇಳ್ದೆ, ಇವತ್ತು ರಾತ್ರಿನೇ ತಗೋತೀನಿ. ಅಣ್ಣ, ಇದು ಮತ್ತೆ ಬಂದ್ರೆ ನೈಟ್ರೋಫ್ಯುರಾಂಟೊಯಿನ್ ಕೊಡ್ತಾರಾ?

ಲ್ಯಾಬ್_ಅಣ್ಣ:
ಈಗಿನ ತಿಂಗಳಲ್ಲಿ ಕೊಡ್ತಾರೆ, ದಿನ ತುಂಬ್ತಾ ಬಂದಾಗ ಕೊಡಲ್ಲ, ಮಗುವಿನ ರಕ್ತಕಣ ಒಡೆಯೋ ಅಪಾಯ ಇರತ್ತೆ, ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡೋ ಒಂದು ಎನ್‌ಜೈಮ್) ಕೊರತೆ ಇದ್ರೂ ಕೊಡಲ್ಲ. ಮುಂದಿನ ಸ್ಯಾಂಪಲ್ ಕೊಡುವಾಗ ತೊಳ್ಕೊಂಡು, ಮೊದಲು ಬರೋದು ಬಿಟ್ಟು ಮಧ್ಯದ್ದು ಹಿಡೀರಿ, ಮನೆಯಿಂದ ತರೋದಾದ್ರೆ ಎರಡು ಗಂಟೆ ಒಳಗೆ ಲ್ಯಾಬಿಗೆ ಮುಟ್ಟಿಸಿ.