ಉರಿಯೂತ ತಗ್ಗಿಸುವ ಮಾತ್ರೆಯಿಂದ ಬೀಟಾ ಕೋಶಗಳನ್ನು ಉಳಿಸಿಕೊಳ್ಳಬಹುದೇ?

ಪ್ರಶ್ನೆ

ನಮಸ್ಕಾರ. ನನ್ನ ಅಣ್ಣನಿಗೆ ನಲವತ್ತೆರಡು ವರ್ಷ. ಕಳೆದ ವರ್ಷ ಟೈಪ್ 2 ಮಧುಮೇಹ ಪತ್ತೆಯಾಗಿ, ಈಗ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ನೋಡಲು ದಪ್ಪಗಿಲ್ಲ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25ರ ಆಸುಪಾಸಿನಲ್ಲಿದೆ. ಆದರೆ ಹೊಟ್ಟೆ ಬಂದಿದೆ, ಸ್ಕ್ಯಾನಿಂಗ್ ವರದಿಯಲ್ಲಿ ಫ್ಯಾಟಿ ಲಿವರ್ ಎಂದು ಬರೆದಿದ್ದಾರೆ. ಬೊಜ್ಜಿನಿಂದ ಹುಟ್ಟುವ ಉರಿಯೂತವೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಹಾಳುಮಾಡುತ್ತದೆ ಎಂದು ಓದಿದ ಮೇಲೆ, ಉರಿಯೂತ ತಗ್ಗಿಸುವ ಮಾತ್ರೆಯನ್ನು ದಿನವೂ ನುಂಗಿದರೆ ಉಳಿದಿರುವ ಕೋಶಗಳನ್ನಾದರೂ ಕಾಪಾಡಿಕೊಳ್ಳಬಹುದಲ್ಲವೇ ಎಂದು ಅವರು ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನೀವು ಓದಿದ್ದರಲ್ಲಿ ಹುರುಳಿದೆ, ಆದರೆ ಅಲ್ಲಿಂದ ನೇರವಾಗಿ ಮಾತ್ರೆಗೆ ಹೋಗುವುದು ಅವಸರವಾದೀತು. ಬೀಟಾ ಕೋಶ ಸ್ವಭಾವತಃ ನಾಜೂಕಾದದ್ದು; ಆಕ್ಸಿಡೀಕರಣದ ಹಾನಿಯನ್ನು ತಡೆಯುವ ಕ್ಯಾಟಲೇಸ್‌ನಂಥ ಕಿಣ್ವಗಳು ಅದರಲ್ಲಿ ತೀರಾ ಕಡಿಮೆ. ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೇ ಹೋದಾಗ ಈ ಕೋಶಗಳು ಹೆಚ್ಚು ಹೆಚ್ಚು ಇನ್ಸುಲಿನ್ ತಯಾರಿಸಬೇಕಾಗುತ್ತದೆ. ಆ ಪ್ರೋಟೀನನ್ನು ಮಡಿಚಿ ಅಣಿಗೊಳಿಸುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಭಾಗಕ್ಕೆ ಕೆಲಸ ಮೀರುತ್ತದೆ, ರಕ್ತದಲ್ಲಿ ಹೆಚ್ಚಿದ ಪಾಮಿಟಿಕ್ ಆಮ್ಲದಂಥ ಕೊಬ್ಬಿನಾಮ್ಲಗಳು ಪರಿಸ್ಥಿತಿಯನ್ನು ಇನ್ನಷ್ಟು ಬಿಗಡಾಯಿಸುತ್ತವೆ. ಇನ್ಸುಲಿನ್ ಜೊತೆಗೇ ಸ್ರವಿಸುವ ಅಮೈಲಿನ್ ಎಂಬ ಹಾರ್ಮೋನು ಹೆಪ್ಪುಗಟ್ಟಿ ಕೋಶಗಳ ಸುತ್ತ ಶೇಖರವಾದಾಗ, ಅಲ್ಲಿರುವ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವಾಹಕ ಪ್ರೋಟೀನನ್ನು ಬಿಡುಗಡೆ ಮಾಡುತ್ತವೆ. ಉರಿಯೂತ ಕಾಲಿಡುವ ದಾರಿಗಳಲ್ಲಿ ಇದೊಂದು.

ಈ ಇಂಟರ್‌ಲ್ಯೂಕಿನ್ನನ್ನೇ ತಡೆದರೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿದ್ದಾರೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 70 ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಅನಾಕಿನ್ರಾ ಎಂಬ ಔಷಧಿಯ ಚುಚ್ಚುಮದ್ದನ್ನು 13 ವಾರ ಪ್ರತಿದಿನ ಕೊಡಲಾಯಿತು. ಹುಸಿ ಚುಚ್ಚುಮದ್ದು ಪಡೆದವರಿಗಿಂತ ಅವರ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಶೇಕಡಾವಾರಿನಲ್ಲಿ ತೋರಿಸುವ ಅಳತೆ) 0.46 ಅಂಶದಷ್ಟು ಕೆಳಗಿತ್ತು, ಇನ್ಸುಲಿನ್ ಸ್ರಾವವೂ ಸುಧಾರಿಸಿತ್ತು. ತತ್ತ್ವ ಸರಿ ಎಂದಾಯಿತು, ಲಾಭ ಮಾತ್ರ ಚಿಕ್ಕದು. ಮುಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಕ್ಯಾಂಟೋಸ್ ಪರೀಕ್ಷೆಯಲ್ಲಿ, ಅದೇ ಇಂಟರ್‌ಲ್ಯೂಕಿನ್ನನ್ನು ತಡೆಯುವ ಕೆನಾಕಿನುಮ್ಯಾಬ್ ಹೃದಯಕ್ಕೆ ನೆರವಾಯಿತೇ ಹೊರತು ಹೊಸದಾಗಿ ಮಧುಮೇಹ ಬರುವುದನ್ನು ತಡೆಯಲಿಲ್ಲ. ಮೇಲಾಗಿ ಸೋಂಕಿನಿಂದ ಸತ್ತವರ ಪ್ರಮಾಣ ಹೆಚ್ಚಿತು.

ಮಾತ್ರೆಯ ರೂಪದಲ್ಲಿ ಗಂಭೀರವಾಗಿ ಪರೀಕ್ಷೆಗೊಳಗಾದದ್ದು ಆಸ್ಪಿರಿನ್‌ನ ಬಳಗಕ್ಕೆ ಸೇರಿದ ಸಾಲ್ಸಲೇಟ್. ವರ್ಷದ ಹತ್ತಿರ ಕೊಟ್ಟಾಗ ಎಚ್‌ಬಿಎ1ಸಿ ಹುಸಿ ಮಾತ್ರೆ ಪಡೆದವರಿಗಿಂತ 0.37 ಅಂಶ ಕೆಳಗಿತ್ತು, ಆದರೆ ತೂಕವೂ ಮೂತ್ರದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನೂ ಏರಿದವು. ಮೂತ್ರಪಿಂಡಗಳ ಮೇಲೆ ಸದಾ ಕಣ್ಣಿಡಬೇಕಾದ ಕಾಯಿಲೆಯಲ್ಲಿ ಇದು ಕಡೆಗಣಿಸುವ ಮಾತಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಇದಕ್ಕಾಗಿ ದಿನವೂ ನುಂಗುವುದಂತೂ ಖಂಡಿತ ಬೇಡ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ನನ್ನ ದೃಷ್ಟಿಯಲ್ಲಿ ಉರಿಯೂತವು ನಡುವಿನ ಕೊಂಡಿ; ಅದನ್ನು ಹೊತ್ತಿಸುತ್ತಿರುವ ಕೊಬ್ಬನ್ನು ಹಾಗೆಯೇ ಬಿಟ್ಟು ಕೊಂಡಿಯನ್ನು ಮಾತ್ರ ಕತ್ತರಿಸಲು ಹೊರಟರೆ ಫಲ ಅಷ್ಟಕ್ಕಷ್ಟೇ. ಬ್ರಿಟನ್ನಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಮತ್ತು ಗ್ಲಾಸ್ಗೋದ ಮೈಕ್ ಲೀನ್ ಮುನ್ನಡೆಸಿದ ಡೈರೆಕ್ಟ್ ಪರೀಕ್ಷೆಯಲ್ಲಿ, ಮಧುಮೇಹ ಪತ್ತೆಯಾಗಿ ಆರು ವರ್ಷ ಮೀರದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಸೂಪು ಮತ್ತು ಶೇಕ್‌ಗಳನ್ನಷ್ಟೇ ಕೊಟ್ಟು, ಸಕ್ಕರೆಯ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದರು. ವರ್ಷದ ಕೊನೆಗೆ ಶೇ. 46 ಮಂದಿಯ ಸಕ್ಕರೆ ಔಷಧಿಯಿಲ್ಲದೆ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು; 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಈ ಪ್ರಮಾಣ ಶೇ. 86. ಎರಡನೇ ವರ್ಷಕ್ಕೆ ಒಟ್ಟಾರೆ ಶೇ. 36ಕ್ಕೆ ಇಳಿಯಿತು ಎಂಬುದನ್ನೂ ಹೇಳಬೇಕು, ಏಕೆಂದರೆ ತೂಕ ಮರಳಿದರೆ ಕಾಯಿಲೆಯೂ ಮರಳುತ್ತದೆ.

ಚೇತರಿಸಿಕೊಂಡವರಲ್ಲಿ ಇನ್ಸುಲಿನ್‌ನ ಮೊದಲ ಹಂತದ ಸ್ರಾವ (ಸಕ್ಕರೆ ಏರಿದ ಕೂಡಲೇ ಹೊಮ್ಮುವ ಇನ್ಸುಲಿನ್) ಮತ್ತೆ ಕಾಣಿಸಿಕೊಂಡಿತು. ಅಂದರೆ ಆ ಕೋಶಗಳೆಲ್ಲ ಸತ್ತಿರಲಿಲ್ಲ, ಕೆಲಸ ನಿಲ್ಲಿಸಿದ್ದವು. ಕೊಲಂಬಿಯಾ ವಿಶ್ವವಿದ್ಯಾಲಯದವರು 2012ರಲ್ಲಿ ಇಲಿಗಳಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ: ಒತ್ತಡಕ್ಕೊಳಗಾದ ಬೀಟಾ ಕೋಶಗಳು ಸಾಯುವ ಬದಲು ತಮ್ಮ ಗುರುತನ್ನೇ ಕಳೆದುಕೊಂಡು ಅಪಕ್ವ ಸ್ಥಿತಿಗೆ ಜಾರಿದ್ದವು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆದರೆ ಅಣ್ಣ ಹದಿನೈದು ಕಿಲೋ ಇಳಿದರೆ ಎಲುಬಿನ ಗೂಡಾಗುತ್ತಾರೆ. ಬಿಎಂಐ 25 ಇರುವವರಿಗೂ ಈ ಮಾತು ಅನ್ವಯಿಸುತ್ತದೆಯೇ?

ಉತ್ತರ 3

ಅನ್ವಯಿಸುತ್ತದೆ, ಆದರೆ ಅಷ್ಟು ಇಳಿಸಬೇಕಿಲ್ಲ. ಮೊದಲನೆಯದಾಗಿ, ಭಾರತೀಯರಿಗೆ ಬಳಸುವ ಅಳತೆಯಲ್ಲಿ 23 ದಾಟಿದರೆ ಅಧಿಕ ತೂಕ, 25ಕ್ಕೆ ಬೊಜ್ಜು. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಬಾರದು. ತೆಳ್ಳಗಿನ ಕೈಕಾಲು, ಮುಂದೆ ಬಂದ ಹೊಟ್ಟೆ ನಮ್ಮ ಊರುಗಳಲ್ಲಿ ಸರ್ವೇಸಾಮಾನ್ಯ. ಎರಡನೆಯದಾಗಿ, ಟೇಲರ್ ಅವರ ತಂಡವೇ ಬಿಎಂಐ 27ಕ್ಕಿಂತ ಕಡಿಮೆಯಿದ್ದ 20 ಜನರನ್ನು ಪರೀಕ್ಷಿಸಿದಾಗ, ದೇಹತೂಕದಲ್ಲಿ ಶೇ. 10ರ ಆಸುಪಾಸು ಇಳಿಸಿದ್ದರಿಂದಲೇ 14 ಮಂದಿ ಚೇತರಿಸಿಕೊಂಡರು; ಅವರ ಲಿವರ್ ಮತ್ತು ಮೇದೋಜೀರಕ ಗ್ರಂಥಿಯಲ್ಲಿನ ಕೊಬ್ಬೂ ಇಳಿದಿತ್ತು. ಇದು ಸಣ್ಣ ಅಧ್ಯಯನವಾದರೂ ನಿಮ್ಮ ಅಣ್ಣನ ಸ್ಥಿತಿಗೆ ಹತ್ತಿರವಾದದ್ದು.

ಒಂದು ಎಚ್ಚರಿಕೆ. ಅಷ್ಟೇನೂ ದಪ್ಪವಿಲ್ಲದವರಲ್ಲಿ ಟೈಪ್ 1 ನಿಧಾನವಾಗಿ ತಲೆದೋರಿ ಟೈಪ್ 2 ಎಂದು ತಪ್ಪಾಗಿ ಗುರುತಿಸಲ್ಪಡುವುದುಂಟು. ಅಲ್ಲಿ ರೋಗನಿರೋಧಕ ವ್ಯವಸ್ಥೆಯೇ ಕೋಶಗಳ ಮೇಲೆ ದಾಳಿ ಮಾಡುವುದರಿಂದ ತೂಕ ಇಳಿಸಿ ಪ್ರಯೋಜನವಿಲ್ಲ. ಆದ್ದರಿಂದ ಸಿ-ಪೆಪ್ಟೈಡ್ (ದೇಹ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತೋರಿಸುವುದು) ಮತ್ತು ಗ್ಯಾಡ್ ಪ್ರತಿಕಾಯದ (ಆ ದಾಳಿಯ ಸುಳಿವು) ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ, ಅದು ಇತ್ಯರ್ಥವಾದ ಮೇಲೆಯೇ ಊಟದ ಕಡಿತಕ್ಕೆ ಕೈಹಾಕಲಿ. ಮುಂದೆ ಇನ್ಸುಲಿನ್ ಸ್ರಾವ ಹೆಚ್ಚಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯೋ ಇನ್ಸುಲಿನ್ನೋ ಸೇರಿಕೊಂಡರೆ, ಅವುಗಳ ಪ್ರಮಾಣ ಇಳಿಸದೆ ಊಟ ಕಡಿಮೆ ಮಾಡುವುದರಿಂದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಮೆಟ್‌ಫಾರ್ಮಿನ್ ಒಂದೇ ಇರುವವರೆಗೆ ಆ ಭಯ ಕಡಿಮೆ.