ಲೋಡ್ ಹಾಕಿ ಘಾಟಿ ಹತ್ತುವಾಗ ಪಿಕಪ್ ಇಲ್ಲ, ಕಪ್ಪು ಹೊಗೆ: ಟರ್ಬೊ ಹೋಗಿದೆಯಾ?

ಹಾಸನ ಲಾರಿ:
ಹತ್ತು ಚಕ್ರದ ಲಾರಿ, ಬಿಎಸ್4 ಇಂಜಿನ್, ಬೆಂಗಳೂರು–ಮಂಗಳೂರು ಲೈನ್. ಮಂಗಳೂರಿನಿಂದ ಲೋಡ್ ಹಾಕಿಕೊಂಡು ಶಿರಾಡಿ ಹತ್ತುವಾಗ ಪಿಕಪ್ ಪೂರ್ತಿ ಬಿದ್ದುಹೋಗುತ್ತದೆ. ಸೈಲೆನ್ಸರಿನಿಂದ ದಟ್ಟ ಕಪ್ಪು ಹೊಗೆ. ಆಕ್ಸಿಲೇಟರ್ ಒತ್ತಿದರೆ ಕ್ಯಾಬಿನ್ ಕೆಳಗೆ ಸುಸ್ ಅಂತ ಸದ್ದು. ಖಾಲಿ ಗಾಡಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಗ್ಯಾರೇಜಿನವರು ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣ್ಣಗೆ ಮಾಡುವ ಸಾಮಾನು) ಪೈಪ್ ಬಿಚ್ಚಿ ಒಳಗಿನ ಆಯಿಲ್ ತೋರಿಸಿ, ಇಂಜಿನ್‌ಗೆ ಗಾಳಿ ಒತ್ತಿ ಕೊಡುವ ಟರ್ಬೊದ ಸೀಲ್ ಹೋಗಿದೆ, ಹೊಸದೇ ಹಾಕಬೇಕು ಎಂದರು. ಸಣ್ಣ ಖರ್ಚಲ್ಲ. ಹಾಕಿಸಲಾ, ಬೇಡವಾ?

ಹೊಸಪೇಟೆ ಟಿಪ್ಪರ್:
ಪೈಪಿನಲ್ಲಿ ಆಯಿಲ್ ಇದೆ, ಪಿಕಪ್ ಇಲ್ಲ. ಇನ್ನೇನು ನೋಡಬೇಕು ಅಣ್ಣ? ನಮ್ಮ ಕಡೆ ಅದಿರಿನ ಧೂಳಿಗೆ ಟರ್ಬೊ ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಬದಲಿಸಿ, ಗಾಡಿ ಓಡಿಸಿ. ನಿಂತ ಗಾಡಿಯ ಕಂತು ಯಾರು ಕಟ್ಟುತ್ತಾರೆ?

ಹುಬ್ಬಳ್ಳಿ ಮೇಸ್ತ್ರಿ:
ನಿಲ್ಲಿ, ಅಷ್ಟು ಅವಸರ ಬೇಡ. ಪೈಪಿನ ಒಳಗೆ ಕೈಗೆ ಅಂಟುವಷ್ಟು ಆಯಿಲ್ ಇರುವುದು ಮಾಮೂಲು. ಬಹಳ ಇಂಜಿನ್‌ಗಳಲ್ಲಿ ಕ್ರ್ಯಾಂಕ್‌ಕೇಸ್ ಬ್ರೀದರ್ (ಇಂಜಿನ್ ಕೆಳಭಾಗದ ಒತ್ತಡ ಹೊರಬಿಡುವ ಪೈಪ್) ಹೊಗೆ ವಾಪಸ್ ಟರ್ಬೊ ಗಾಳಿ ಎಳೆಯುವ ಬಾಯಿಗೇ ಬರುತ್ತದೆ, ಅದರ ಜೊತೆ ಆಯಿಲ್ ಆವಿಯೂ ಬರುತ್ತದೆ. ಇಂಟರ್‌ಕೂಲರ್ ತಳದಲ್ಲಿ ಆಯಿಲ್ ನಿಂತಿದ್ದರೆ ಆಗ ಚಿಂತೆ ಮಾಡಿ.

ಹೊಗೆಯ ಬಣ್ಣ ನೋಡಿ. ಟರ್ಬೊ ಆಯಿಲ್ ಬಿಟ್ಟರೆ ನೀಲಿ ಹೊಗೆ ಬರಬೇಕು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯಬೇಕು. ನಿಮ್ಮದು ಕಪ್ಪು. ಅಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೊ ತಿರುಗದೇ ಇರಬಹುದು, ತಿರುಗಿ ಕೊಟ್ಟ ಗಾಳಿ ದಾರಿಯಲ್ಲೇ ಸೋರುತ್ತಿರಬಹುದು. ಆ ಸುಸ್ ಸದ್ದು ಕೇಳಿದರೆ ನನಗೆ ಕೊನೆಯದರ ಮೇಲೇ ಅನುಮಾನ.

ಹಾಸನ ಲಾರಿ:
ಆಯಿಲ್ ಲೆವೆಲ್ ಸರಿಯಾಗಿದೆ. ನೀಲಿ ಹೊಗೆ ಇಲ್ಲ. ಏರ್ ಫಿಲ್ಟರ್ ಹೊಸದು. ಆದರೆ ಗ್ಯಾರೇಜಿನವರು ಟರ್ಬೊ ಶಾಫ್ಟ್ ಅಲ್ಲಾಡಿಸಿಯೂ ತೋರಿಸಿದರು, ಅಲ್ಲಾಡುತ್ತದೆ.

ಹುಬ್ಬಳ್ಳಿ ಮೇಸ್ತ್ರಿ:
ಯಾವ ಕಡೆಗೆ ಅಲ್ಲಾಡಿತು, ಅದು ಮುಖ್ಯ. ಟರ್ಬೊ ಬುಷ್ ಬೇರಿಂಗ್ ಆಯಿಲ್ ಪದರದ ಮೇಲೆ ತೇಲುತ್ತದೆ. ಇಂಜಿನ್ ನಿಂತಾಗ ಆ ಒತ್ತಡ ಇಲ್ಲ, ಅಕ್ಕಪಕ್ಕಕ್ಕೆ ಸ್ವಲ್ಪ ಆಡಿಯೇ ಆಡುತ್ತದೆ. ರೆಕ್ಕೆ ಹೌಸಿಂಗ್‌ಗೆ ತಾಗಬಾರದು ಅಷ್ಟೇ. ಹಿಂದೆ ಮುಂದೆ ಎಳೆದು ತಳ್ಳಿ ನೋಡಿ. ಆ ಕಡೆ ಕೈಗೆ ಗೊತ್ತಾಗುವಷ್ಟು ಆಡಿದರೆ ಥ್ರಸ್ಟ್ ಬೇರಿಂಗ್ ಸವೆದಿದೆ ಎಂದೇ ಲೆಕ್ಕ.

ತುಮಕೂರು ಸ್ಕ್ಯಾನರ್:
ಕೈಯಲ್ಲಿ ನೋಡುವ ಮೊದಲು ಸ್ಕ್ಯಾನರ್ ಹಾಕಿಸಿ ಸರ್. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಅಳೆಯುವ ಸೆನ್ಸರ್ ಆಗ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 1 ಬಾರ್, ಬೆಂಗಳೂರಿನಲ್ಲಿ ಸುಮಾರು 0.9. ಬೇರೇನೋ ತೋರಿಸಿದರೆ ಸೆನ್ಸರ್ರೇ ಕೆಟ್ಟಿದೆ. ಅದು ಸರಿ ಇದ್ದರೆ ಲೋಡ್ ಹಾಕಿ ಏರಿನಲ್ಲಿ ಓಡಿಸಿ ರೀಡಿಂಗ್ ತೆಗೆಯಿರಿ. ನಿಂತಲ್ಲೇ ರೇಸ್ ಮಾಡಿ ನೋಡುವುದು ಸುಮ್ನೆ. ಲೋಡ್ ಇಲ್ಲದೆ ಬೂಸ್ಟ್ ಸರಿಯಾಗಿ ಏರುವುದಿಲ್ಲ.

ಹೊಸಪೇಟೆ ಟಿಪ್ಪರ್:
ಸ್ಕ್ಯಾನರ್ ಬೂಸ್ಟ್ ಕಡಿಮೆ ಎಂದು ಹೇಳುತ್ತದೆ, ಯಾಕೆ ಕಡಿಮೆ ಎಂದು ಹೇಳುವುದಿಲ್ಲ ಅಲ್ವಾ?

ತುಮಕೂರು ಸ್ಕ್ಯಾನರ್:
ಒಪ್ಪುತ್ತೇನೆ. ಅದಕ್ಕೇ ಪ್ರೆಶರ್ ಟೆಸ್ಟ್ ಇರುವುದು. ಟರ್ಬೊದಿಂದ ಇಂಜಿನ್‌ವರೆಗಿನ ಹೋಸ್, ಇಂಟರ್‌ಕೂಲರ್ ಎರಡೂ ಬಾಯಿ ಮುಚ್ಚಿ, ರೆಗ್ಯುಲೇಟರ್ ಇಟ್ಟು ನಿಧಾನವಾಗಿ ಗಾಳಿ ಹಾಕಿ. 2 ಬಾರ್ ದಾಟಬೇಡಿ. ಮುಚ್ಚಳ ಹಾರಿದರೆ ಮುಖಕ್ಕೇ ಹೊಡೆಯುತ್ತದೆ, ಸರಪಳಿ ಕಟ್ಟಿ. ಆಮೇಲೆ ಸೋಪ್ ನೀರು.

ಘಟ್ಟದ ಡ್ರೈವರ್:
ಎಲ್ಲರೂ ಟೆಸ್ಟ್ ಹೇಳುತ್ತಿದ್ದೀರಿ, ಅಲ್ಲಿಯವರೆಗೆ ಗಾಡಿ ಓಡಿಸಬೇಡಿ ಎಂದು ಯಾರೂ ಹೇಳಲಿಲ್ಲ. ಹಾಸನದ ಅಣ್ಣ, ದಯವಿಟ್ಟು ಕೇಳಿ. ಟರ್ಬೊ ನಿಜವಾಗಲೂ ಸವೆದಿದ್ದು ಸೀಲ್ ಹೋದರೆ, ಇಂಜಿನ್ ಆಯಿಲ್ ಕುಡಿದೇ ತಾನಾಗಿ ರೇಸ್ ಆಗಬಹುದು. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ, ಅದಕ್ಕೆ ಡೀಸೆಲ್ ಬೇಕೇ ಇಲ್ಲ. ಗಾಳಿ ಬಂದ್ ಮಾಡಬೇಕು, ಇಲ್ಲವೇ ದೊಡ್ಡ ಗೇರಿನಲ್ಲಿ ಬ್ರೇಕ್ ಒತ್ತಿ ಕ್ಲಚ್ ಬಿಟ್ಟು ಇಂಜಿನ್ ಕೊಲ್ಲಬೇಕು. ಶಿರಾಡಿ ತಿರುವಿನಲ್ಲಿ ಹಿಂದೆ ಬಸ್ಸು, ಮುಂದೆ ಟ್ಯಾಂಕರ್ ಇರುವಾಗ ಇದೆಲ್ಲ ಮಾಡಲು ಆಗುತ್ತದಾ? ಒಂದು ಲೋಡ್ ಬಿಟ್ಟರೆ ಪರವಾಗಿಲ್ಲ.

ಹಾಸನ ಲಾರಿ:
ಗಾಡಿ ನಿಲ್ಲಿಸಿ ಬೇರೆ ಕಡೆ ಟೆಸ್ಟ್ ಮಾಡಿಸಿದೆ. ಇಂಟರ್‌ಕೂಲರ್ ಕೆಳಗಿನ ಹೋಸ್ ಕ್ಲಾಂಪ್ ಅಂಚಿನಲ್ಲಿ ಸೀಳಿದೆ. ಹೊರಗಿನಿಂದ ಕಾಣುವುದಿಲ್ಲ, ಗಾಳಿ ತುಂಬಿದಾಗ ಬಾಯಿ ಬಿಟ್ಟು ಸೋಪ್ ನೊರೆ ಉಕ್ಕಿತು. ಆದರೆ ಟರ್ಬೊ ಶಾಫ್ಟ್ ಹಿಂದೆ ಮುಂದೆಯೂ ಆಡುತ್ತಿದೆ. ಗಾಳಿ ಕಡೆಯ ರೆಕ್ಕೆಯ ಅಂಚು ಹೌಸಿಂಗ್‌ಗೆ ಉಜ್ಜಿ ಹೊಳೆಯುತ್ತಿದೆ.

ಹೊಸಪೇಟೆ ಟಿಪ್ಪರ್:
ಹಾಗಾದರೆ ಗ್ಯಾರೇಜಿನವರು ಹೇಳಿದ್ದೇ ಸರಿ. ಟರ್ಬೊ ಹೋಗಿದೆ.

ಹುಬ್ಬಳ್ಳಿ ಮೇಸ್ತ್ರಿ:
ಟರ್ಬೊ ಹೋಗಿದೆ, ಸರಿ. ಆದರೆ ಆ ಹೋಸ್ ನೋಡದೆ ಹೊಸ ಟರ್ಬೊ ಹಾಕಿದ್ದರೆ ಅದೂ ಹೋಗುತ್ತಿತ್ತು. ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಗಾಳಿ ಸೋರಿದರೆ ಬೂಸ್ಟ್ ಏರುವುದಿಲ್ಲ. ಬೂಸ್ಟ್ ಏರದಿದ್ದರೆ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೈನ್ ಪಕ್ಕದಿಂದ ಬಿಡುವ ಬಾಗಿಲು) ತೆರೆಯುವುದಿಲ್ಲ. ಡ್ರೈವರ್ ಇನ್ನಷ್ಟು ಒತ್ತುತ್ತಾನೆ, ಬಿಸಿ ಹೊಗೆಯೆಲ್ಲ ಟರ್ಬೈನ್ (ಟರ್ಬೊದ ಹೊಗೆ ಕಡೆಯ ಚಕ್ರ) ಮೇಲೆ ಹೋಗುತ್ತದೆ. ಮೊದಲೇ ನಿಮಿಷಕ್ಕೆ ಸುಮಾರು 1 ಲಕ್ಷ ಸುತ್ತು ತಿರುಗುವ ಸಾಮಾನು, ಅದಕ್ಕಿಂತ ಜಾಸ್ತಿ ತಿರುಗಿದರೆ ಥ್ರಸ್ಟ್ ಬೇರಿಂಗ್ ತಡೆಯುತ್ತದಾ? ನನ್ನ ಪ್ರಕಾರ ಮೊದಲು ಸೀಳಿದ್ದು ಹೋಸ್.

ಹೊಸಪೇಟೆ ಟಿಪ್ಪರ್:
ಈ ಲೆಕ್ಕ ಒಪ್ಪುವಂಥದ್ದೇ. ಈಗ ಪೂರ್ತಿ ಟರ್ಬೊ ಬೇಡ, ಒಳಗಿನ ಕೋರ್ (ಶಾಫ್ಟ್, ಬೇರಿಂಗ್, ರೆಕ್ಕೆ ಇರುವ ಭಾಗ) ಮಾತ್ರ ಹಾಕಿಸಿ, ಅರ್ಧ ದುಡ್ಡು ಉಳಿಯಬಹುದು.

ಹುಬ್ಬಳ್ಳಿ ಮೇಸ್ತ್ರಿ:
ಬ್ಯಾಲೆನ್ಸ್ ಮಾಡಿದ ಕೋರ್ ಆದರೆ ಹಾಕಬಹುದು. ಆದರೆ ಇವರದು ಹೌಸಿಂಗ್‌ಗೇ ಉಜ್ಜಿದೆ. ಗಾಯ ಆಳವಾಗಿದ್ದರೆ ಕೋರ್ ಹಾಕಿ ಪ್ರಯೋಜನ ಇಲ್ಲ, ರೆಕ್ಕೆಗೂ ಹೌಸಿಂಗ್‌ಗೂ ಸಂದು ಜಾಸ್ತಿಯಾಗಿ ಬೂಸ್ಟ್ ಬರುವುದಿಲ್ಲ. ಬೆರಳು ಸವರಿ ನೋಡಿ. ಉಗುರು ಸಿಕ್ಕಿಕೊಂಡರೆ ಪೂರ್ತಿ ಬದಲಿಸಿ.

ಹಾಸನ ಲಾರಿ:
ಉಗುರು ಸಿಕ್ಕಿಕೊಳ್ಳುತ್ತದೆ. ಪೂರ್ತಿಯೇ ಹಾಕಿಸುತ್ತೇನೆ. ಹಾಕುವಾಗ ಏನು ನೋಡಬೇಕು ಹೇಳಿ.

ಹುಬ್ಬಳ್ಳಿ ಮೇಸ್ತ್ರಿ:
ಆಯಿಲ್ ಬರುವ ಪೈಪ್ ಹೊಸದು ಹಾಕಿ, ವಾಪಸ್ ಹೋಗುವ ಪೈಪ್ ಬಿಚ್ಚಿ ಒಳಗಿನ ಕರಿ ತೆಗೆಸಿ. ಅದು ಕಟ್ಟಿದ್ದರೆ ಹೊಸ ಟರ್ಬೊ ಕೂಡ ಆಯಿಲ್ ಉಗುಳುತ್ತದೆ. ಆಯಿಲ್ ಪೈಪಿನ ಗ್ಯಾಸ್ಕೆಟ್‌ಗೆ ಸಿಲಿಕಾನ್ ಪೇಸ್ಟ್ ಹಚ್ಚಲು ಬಿಡಬೇಡಿ, ತುಣುಕು ಒಳಗೆ ಹೋಗಿ ದಾರಿ ಮುಚ್ಚುತ್ತದೆ. ಇಂಟರ್‌ಕೂಲರ್ ಇಳಿಸಿ ತೊಳೆಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಟರ್ಬೊಗೆ ಆಯಿಲ್ ಬರುವ ತೂತಿಗೆ (ಗಾಳಿ ಬಾಯಿಗೆ ಅಲ್ಲ) ಹೊಸ ಆಯಿಲ್ ಸುರಿದು ಶಾಫ್ಟ್ ಕೈಯಲ್ಲಿ ತಿರುಗಿಸಿ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ಐಡಲ್‌ನಲ್ಲೇ ಬಿಡಿ, ರೇಸ್ ಮಾಡಬೇಡಿ.

ಘಟ್ಟದ ಡ್ರೈವರ್:
ಇನ್ನೊಂದು. ಘಾಟಿ ಹತ್ತಿ ಸಕಲೇಶಪುರದಲ್ಲಿ ಟೀಗೆ ನಿಲ್ಲಿಸಿದ ತಕ್ಷಣ ಕೀ ತೆಗೆಯಬೇಡಿ. ಎರಡು ಮೂರು ನಿಮಿಷ ಐಡಲ್ ಬಿಟ್ಟು ಆಮೇಲೆ ಆಫ್ ಮಾಡಿ. ಟರ್ಬೊ ಕಾದಿರುವಾಗ ಆಯಿಲ್ ನಿಂತರೆ ಬೇರಿಂಗ್‌ನಲ್ಲೇ ಸುಟ್ಟು ಕರಿ ಕಟ್ಟುತ್ತದೆ. ಕ್ಲೀನರ್ ಹುಡುಗನಿಗೂ ಇದನ್ನು ಹೇಳಿಕೊಡಿ, ಎಷ್ಟೋ ಸಲ ಕೀ ತೆಗೆಯುವುದು ಅವನೇ.